ಕೆರೆಗೆ ಹೋಗುವ ದಾರಿ ಯಾರದು?

(ಸ್ವ-ಸಹಾಯ ಸಂಘ ಹಾಗೂ ಗ್ರಾಮ ಸಮಿತಿಗಳ ಸಭೆಗಾಗಿ ಅಧ್ಯಯನ ಪಾಠ)



ಈ ಸಲದ ಪಾಠ ಉಳಿತಾಯದ ಬಗ್ಗೆ ಅಲ್ಲ, ಸಾಲದ ಕಂತಿನ ಬಗ್ಗೆಯೂ ಅಲ್ಲ. ನಾವೆಲ್ಲ ದಿನಾ ತುಳಿಯುವ ಒಂದು ದಾರಿಯ ಬಗ್ಗೆ. ಊರಿನಿಂದ ಕೆರೆಗೆ, ಹಳ್ಳಕ್ಕೆ, ಹೊಳೆಗೆ ಹೋಗುವ ದಾರಿ.

"ಕೆರೆ ಯಾರದು?" ಅಂತ ಯಾವ ಸಭೆಯಲ್ಲಿ ಕೇಳಿದರೂ "ಸರ್ಕಾರದ್ದು" ಅಂತ ಕೆಲವರು, "ಊರಿನದ್ದು" ಅಂತ ಉಳಿದವರು ಕೂಡಲೇ ಹೇಳುತ್ತಾರೆ. ಎರಡೂ ಸರಿ. ಈಗ ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸಿ ನೋಡಿ: "ಕೆರೆಗೆ ಹೋಗುವ ದಾರಿ ಯಾರದು?" ಆಗ ಸಭೆ ಸುಮ್ಮನಾಗುತ್ತದೆ. ಯಾಕೆಂದರೆ ದಾರಿ ಯಾರದ್ದೋ ಹೊಲದ ಬದುವಿನ ಮೇಲೆ ಇರುತ್ತದೆ, ಯಾರದ್ದೋ ತೋಟದ ಪಕ್ಕ ಇರುತ್ತದೆ. ಹೊಲದ ಒಡೆಯ ಒಳ್ಳೆಯವನಾಗಿದ್ದಷ್ಟು ದಿನ ಪ್ರಶ್ನೆ ಏಳುವುದಿಲ್ಲ. ಹೊಲ ಮಾರಾಟವಾಗಿ ಕಲ್ಲುಕಂಬ, ತಂತಿ ಬೇಲಿ ಬಿದ್ದ ದಿನ ಏಳುತ್ತದೆ.

ನೀರನ್ನು ಕಿತ್ತುಕೊಳ್ಳಬೇಕಾದರೆ ಕೆರೆಯನ್ನೇ ಕಿತ್ತುಕೊಳ್ಳಬೇಕಾಗಿಲ್ಲ, ದಾರಿ ಮುಚ್ಚಿದರೆ ಸಾಕು. ಈ ಪಾಠದಲ್ಲಿ ನಾವು ಕಲಿಯುವುದು ಇದನ್ನೇ.

ಪಾಠದ ಉದ್ದೇಶ

1. ನೀರಿನ ದಡ ಯಾರ್ಯಾರ ಬದುಕಿಗೆ ಆಧಾರ ಎಂದು ಗುರುತಿಸುವುದು.
2. ದಾರಿ ಹೇಗೆ ಮುಚ್ಚಿಹೋಗುತ್ತದೆ ಎಂದು ತಿಳಿಯುವುದು.
3. ಕಾನೂನಿನಲ್ಲಿ ನಮಗಿರುವ ಹಕ್ಕು, ಆ ಹಕ್ಕಿನ ಮಿತಿ ಅರಿಯುವುದು.
4. ಸಂಘವಾಗಿ ಮಾಡಬಹುದಾದ ಕೆಲಸ ತೀರ್ಮಾನಿಸುವುದು.

ದಡ ಯಾರಿಗೆ ಬೇಕು?

"ಈಗ ಮನೆಮನೆಗೆ ನಲ್ಲಿ ಬಂದೈತಲ್ಲ ಸಿಸ್ಟರ್, ಕೆರೆ ಯಾಕ ಬೇಕು?" ಅಂತ ಕೇಳುವವರಿದ್ದಾರೆ. ನಲ್ಲಿ ಬಂದಿರುವುದು ಸಂತೋಷ. ಆದರೆ ನಲ್ಲಿ ನೀರಿನಲ್ಲಿ ನಾಲ್ಕು ಎಮ್ಮೆ ಮೈ ತೊಳೆಯಲು ಆಗುವುದಿಲ್ಲ. ನೂರು ಕುರಿಗೆ ನೀರು ಕುಡಿಸಲು ಆಗುವುದಿಲ್ಲ. ಮದುವೆ ಮನೆಯ ಜಮಖಾನೆ, ಹಬ್ಬದ ಹಾಸಿಗೆ-ಕೌದಿ ಒಗೆಯಲು ಆಗುವುದಿಲ್ಲ. ಕರೆಂಟು ಹೋಗಿ ಎರಡು ದಿನ ನೀರು ಬರದೆ ಇದ್ದಾಗ ಎಲ್ಲಿಗೆ ಹೋಗುತ್ತೀರಿ?

ಪಟ್ಟಿ ಮಾಡಿ ನೋಡೋಣ. ದನ-ಎಮ್ಮೆ ಸಾಕಿದವರು, ಕುರಿ ಮೇಯಿಸುವವರು, ಬಟ್ಟೆ ಒಗೆಯುವ ಮಡಿವಾಳರು, ಮೀನು ಹಿಡಿಯುವ ಬೆಸ್ತರು, ಕೆರೆಯ ಜೇಡಿಮಣ್ಣು ತರುವ ಕುಂಬಾರರು, ಬೇಸಿಗೆಯಲ್ಲಿ ಗೋಡು ಮಣ್ಣು ಹೊಲಕ್ಕೆ ಹೊಡೆಯುವ ಸಣ್ಣ ರೈತರು, ತಾಂಡಾದಿಂದ ಸೌದೆ, ಸೊಪ್ಪಿಗೆ ಬರುವ ಹೆಣ್ಣುಮಕ್ಕಳು. ಇವರ ಜೊತೆಗೆ ಗಂಗೆ ಪೂಜೆಗೆ ಹೋಗುವವರು, ಗೌರಿ-ಗಣಪತಿ ಬಿಡುವವರು, ಮೊಹರಂ ದೇವರನ್ನು ನೀರಿಗೆ ಒಯ್ಯುವವರು, ತೀರಿಹೋದವರ ಕರ್ಮ ಮುಗಿಸಿ ಸ್ನಾನ ಮಾಡುವವರು. ಹಡಗಲಿ ತಾಲ್ಲೂಕಿನ ಮೈಲಾರ, ಕುರುವತ್ತಿ ಜಾತ್ರೆಗೆ ಬಂದ ಜನ ತುಂಗಭದ್ರೆಯಲ್ಲಿ ಮುಳುಗು ಹಾಕುತ್ತಾರೆ. ಹೊಳೆ ದಂಡೆಗೆ ಇಳಿಯುವ ದಾರಿ ಇಲ್ಲದಿದ್ದರೆ ಆ ಜಾತ್ರೆಗಳು ಹೇಗೆ ನಡೆಯಬೇಕು?

ಈ ಪಟ್ಟಿಯನ್ನು ಮತ್ತೊಮ್ಮೆ ಓದಿ. ಇದರಲ್ಲಿ ಕೊಳವೆಬಾವಿ, ಟ್ಯಾಂಕರ್, ದೊಡ್ಡ ಸಂಪು ಇರುವ ಮನೆಯವರು ಎಷ್ಟು ಜನ? ದಾರಿ ಮುಚ್ಚಿದರೆ ಉಳ್ಳವರಿಗೆ ಅರ್ಧ ಮೈಲಿ ಸುತ್ತು, ಅಷ್ಟೇ. ಇಲ್ಲದವರಿಗೆ ಎಮ್ಮೆಯನ್ನೇ ಮಾರಬೇಕಾಗುತ್ತದೆ. ಎಮ್ಮೆ ಮಾರಿದರೆ ಹಾಲಿನ ಡೇರಿಯ ದುಡ್ಡು ನಿಂತಿತು. ಆ ದುಡ್ಡು ನಿಂತರೆ ಸಂಘದ ಕಂತೂ ನಿಂತಿತು. ಹಾಗಾಗಿ ಇದು ಉಳಿತಾಯದ ಪಾಠ ಅಲ್ಲ ಅಂತ ಮೇಲೆ ಹೇಳಿದ್ದು ಪೂರ್ತಿ ನಿಜವಲ್ಲ.

ದಾರಿ ಹೇಗೆ ಮುಚ್ಚುತ್ತದೆ?

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ನಮ್ಮ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಸೀಮೆ ಬರಗಾಲದ ಸೀಮೆ. ನಮ್ಮ ಕೆರೆಗಳು ತುಂಬುವುದು ಅಪರೂಪ, ಒಣಗುವುದು ವಾಡಿಕೆ. ಆದ್ದರಿಂದ ಇಲ್ಲಿ ದಾರಿ ಮುಚ್ಚುವುದು ಒಂದೇ ದಿನದಲ್ಲಿ ಅಲ್ಲ, ಹಂತ ಹಂತವಾಗಿ.

ಮೊದಲನೇ ಹಂತ: ಮಳೆ ಇಲ್ಲದೆ ನಾಲ್ಕೈದು ವರ್ಷ ಕೆರೆ ಒಣಗುತ್ತದೆ. ದನ ಹೋಗುವುದು ನಿಲ್ಲುತ್ತದೆ. ಅಂಗಳದ ತುಂಬ, ದಾರಿಯ ತುಂಬ ಬಳ್ಳಾರಿ ಜಾಲಿ ಬೆಳೆಯುತ್ತದೆ. ಬೇಲಿ ಹಾಕಿದವರು ಯಾರೂ ಇಲ್ಲ, ಆದರೂ ದಾರಿ ಬಂದ್.

ಎರಡನೇ ಹಂತ: ಪಕ್ಕದ ಹೊಲದವರು ಜಾಲಿ ಕಡಿದು, ಆ ಜಾಗವನ್ನೂ ಸೇರಿಸಿ ಉಳುತ್ತಾರೆ. ಮೊದಲ ವರ್ಷ ಎರಡು ಸಾಲು, ಮರು ವರ್ಷ ನಾಲ್ಕು ಸಾಲು. "ಯಾರೂ ಅಡ್ಡಾಡಲ್ಲ ಬಿಡು" ಅಂತ ಊರೂ ಸುಮ್ಮನಿರುತ್ತದೆ.

ಮೂರನೇ ಹಂತ: ಆ ಹೊಲ ಮಾರಾಟವಾಗುತ್ತದೆ. ಕೊಂಡವರು ಬೇರೆ ಊರಿನವರು. ಅವರಿಗೆ ದಾರಿಯ ವಿಷಯ ಯಾರೂ ಹೇಳಿರುವುದಿಲ್ಲ. ಕಣ್ಣಿಗೆ ಕಾಣುವುದು ಉತ್ತ ಹೊಲ ಮಾತ್ರ.

ನಾಲ್ಕನೇ ಹಂತ: ಕೆರೆಗೆ ನೀರು ಬರುತ್ತದೆ. ನೀರಿನ ಪಕ್ಕದ ಜಮೀನಿಗೆ ಬೆಲೆ ಏರುತ್ತದೆ. ತಂತಿ ಬೇಲಿ, ಗೇಟು, ತೋಟದ ಮನೆ, ಲೇಔಟ್, ಊಟದ ಡಾಬಾ ಬರುತ್ತವೆ. ಆಗ ಊರಿಗೆ ದಾರಿ ನೆನಪಾಗುತ್ತದೆ.

ಈ ನಾಲ್ಕನೇ ಹಂತ ನಮ್ಮ ಬಾಗಿಲಿಗೇ ಬಂದಿದೆ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ನಿಮಗೆ ಗೊತ್ತೇ ಇದೆ. ಹರಪನಹಳ್ಳಿ ತಾಲ್ಲೂಕಿನ ಕೆರೆಗಳಿಗೂ ಹೊಳೆ ನೀರಿನ ಯೋಜನೆ ಬಂದಿದೆ. ಬಹಳ ವರ್ಷಗಳ ಬೇಡಿಕೆ ಇದು, ಒಳ್ಳೆಯದೇ ಆಯಿತು. ಆದರೆ ಪೈಪಿನಲ್ಲಿ ನೀರು ಬರುವಾಗ ಹಿಂದೆಯೇ ಬೇಲಿಯೂ ಬರಬಹುದು. ಒಣಗಿದ ಕೆರೆಯ ದಂಡೆ ಯಾರಿಗೂ ಬೇಡ, ತುಂಬಿದ ಕೆರೆಯ ದಂಡೆ ಎಲ್ಲರಿಗೂ ಬೇಕು. ಆದ್ದರಿಂದ ನೀರು ಬರುವುದಕ್ಕೆ ಮುಂಚೆಯೇ ದಾರಿ ಗಟ್ಟಿ ಮಾಡಿಕೊಳ್ಳಬೇಕು.

ಕಾನೂನು ಏನು ಹೇಳುತ್ತದೆ?

ಕಾನೂನಿನ ಮಾತು ಕಷ್ಟ ಅಂತ ಪುಟ ತಿರುಗಿಸಬೇಡಿ. ಒಂದೊಂದಾಗಿ ನೋಡೋಣ.

ಸಂವಿಧಾನ: ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಭಾಗದಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಹೆಸರೇ ಇದೆ. ಸರ್ಕಾರದ ಹಣದಿಂದ ನಡೆಯುವ ಅಥವಾ ಜನರಿಗಾಗಿ ಬಿಟ್ಟುಕೊಟ್ಟ ಇಂಥ ಜಾಗಗಳಿಗೆ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣ ಹೇಳಿ ಯಾರನ್ನೂ ತಡೆಯುವಂತಿಲ್ಲ.

ಕರ್ನಾಟಕ ಭೂ ಕಂದಾಯ ಕಾಯ್ದೆ, 1964: ಇದರ 67ನೇ ಕಲಂ ಪ್ರಕಾರ ಬೇರೆಯವರ ಹಕ್ಕು ಸಾಬೀತಾಗದ ಹೊರತು ಸಾರ್ವಜನಿಕ ರಸ್ತೆ, ಓಣಿ, ನದಿ, ಹಳ್ಳ, ಕೆರೆ, ಕಾಲುವೆ ಎಲ್ಲವೂ ರಾಜ್ಯ ಸರ್ಕಾರದ ಸ್ವತ್ತು. 104ನೇ ಕಲಂನಲ್ಲಿ ಸರ್ಕಾರಿ ಜಾಗದ ಒತ್ತುವರಿ ತೆರವು ಮಾಡಿಸುವ ಅಧಿಕಾರ ಇದೆ.

ಖರಾಬು: ಪಹಣಿಯಲ್ಲಿ "ಖರಾಬು" ಅಂತ ಒಂದು ಕಡೆ ಬರೆದಿರುತ್ತದೆ. ಅದರಲ್ಲಿ ಎರಡು ಬಗೆ. 'ಅ' ಖರಾಬು ಅಂದರೆ ಬೇಸಾಯಕ್ಕೆ ಬಾರದ ಕಲ್ಲು-ಗುಂಡಿಯ ಜಾಗ. 'ಬ' ಖರಾಬು ಅಂದರೆ ಜನರ ಉಪಯೋಗಕ್ಕೆ ಬಿಟ್ಟ ಜಾಗ, ಅಂದರೆ ರಸ್ತೆ, ಕಾಲುದಾರಿ, ಹಳ್ಳ, ಕೆರೆ, ಸ್ಮಶಾನ. ಒಬ್ಬರ ಸರ್ವೆ ನಂಬರಿನ ಒಳಗೇ ಇದ್ದರೂ 'ಬ' ಖರಾಬು ಅವರ ಸ್ವಂತದ್ದಲ್ಲ. ಹೊಲ ಕೊಂಡವರು 'ಬ' ಖರಾಬನ್ನು ಕೊಂಡಂತೆ ಆಗುವುದಿಲ್ಲ. ಈ ಒಂದು ಅಕ್ಷರ ನೆನಪಿಡಿ.

ಕೆರೆ ಸಂರಕ್ಷಣೆಯ ಕಾಯ್ದೆ, 2014: ಕೆರೆ ಒತ್ತುವರಿ ಮಾಡುವುದು, ಮಣ್ಣು-ಕಸ ತುಂಬುವುದು, ಹೊಲಸು ನೀರು ಬಿಡುವುದು ಇದರಲ್ಲಿ ನಿಷೇಧ. ಕೆರೆಯ ಸುತ್ತ 30 ಮೀಟರ್ ಕಟ್ಟಡ ಕಟ್ಟದ ಜಾಗ ಇರಬೇಕು ಎಂಬ ನಿಯಮವಿತ್ತು. ಕೆರೆಯ ಗಾತ್ರಕ್ಕೆ ತಕ್ಕಂತೆ ಅದನ್ನು ಕಡಿಮೆ ಮಾಡುವ ತಿದ್ದುಪಡಿ ಮಸೂದೆಗೆ 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಹಾಗಾಗಿ ಅರ್ಜಿ ಬರೆಯುವಾಗ ಅಳತೆಯ ನಿಯಮ ಈಗ ಏನಿದೆ ಎಂದು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿಯೇ ಬರೆಯಿರಿ. ಅಳತೆ ಬದಲಾದರೂ ಕೆರೆಯ ಗಡಿಯೊಳಗಿನ ಜಾಗ ಖಾಸಗಿ ಆಗುವುದಿಲ್ಲ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023: ಇದು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಸಾರ್ವಜನಿಕ ದಾರಿ, ಹೊಳೆ, ಕಾಲುವೆಗೆ ಅಡ್ಡಿ ಮಾಡಿದರೆ ತೆಗೆಸಲು 152ನೇ ಕಲಂನಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಇದೆ. ತಹಶೀಲ್ದಾರರೇ ತಾಲ್ಲೂಕಿನ ಮ್ಯಾಜಿಸ್ಟ್ರೇಟರು. ಭೂಮಿ ಅಥವಾ ನೀರನ್ನು ಬಳಸುವ ಹಕ್ಕಿನ ಜಗಳ ಶಾಂತಿ ಕದಡುವ ಮಟ್ಟಕ್ಕೆ ಬಂದರೆ 166ನೇ ಕಲಂ ಇದೆ. ಆದರೆ ಅದರಲ್ಲಿ ಒಂದು ಷರತ್ತು. ವರ್ಷಪೂರ್ತಿ ಬಳಸುವ ದಾರಿಯಾದರೆ, ದೂರು ಕೊಡುವ ಹಿಂದಿನ ಮೂರು ತಿಂಗಳೊಳಗೆ ಅದನ್ನು ಬಳಸಿರಬೇಕು. ಮಳೆಗಾಲಕ್ಕೆ ಅಥವಾ ಹಬ್ಬಕ್ಕೆ ಮಾತ್ರ ಬಳಸುವ ದಾರಿಯಾದರೆ ಹಿಂದಿನ ಸಲ ಬಳಸಿರಬೇಕು. ಅಂದರೆ ತಡ ಮಾಡಿದರೆ ಈ ಬಾಗಿಲು ಮುಚ್ಚುತ್ತದೆ.

ಇನ್ನೊಂದು ಸೂಕ್ಷ್ಮ ವಿಷಯ. "ನಾವು ಇಪ್ಪತ್ತು ವರ್ಷದಿಂದ ಅಡ್ಡಾಡಿದ ದಾರಿ, ನಮ್ಮ ಹಕ್ಕು" ಅಂತ ಜನ ಹೇಳುತ್ತಾರೆ. 1882ರ ಒಂದು ಕಾಯ್ದೆಯಲ್ಲಿ ಆ ಹಕ್ಕು ಇರುವುದು ನಿಜ. ಆದರೆ ಅದು ಮುಖ್ಯವಾಗಿ ಜಮೀನು ಇದ್ದವರ ಹಕ್ಕು. ತನ್ನ ಹೊಲಕ್ಕೆ ಹೋಗಲು ಪಕ್ಕದ ಹೊಲದ ಮೇಲೆ ದಾರಿ ಕೇಳುವವನಿಗೆ ಅದು ಆಸರೆ. ಅದಕ್ಕೂ ದಾರಿ ತಡೆದ ಎರಡು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಒಂದು ಗುಂಟೆಯೂ ಇಲ್ಲದ ಹೆಣ್ಣುಮಗಳು ಎಮ್ಮೆ ಹೊಡೆದುಕೊಂಡು ಹೋಗುವ ದಾರಿಗೆ ಆ ಕಾಯ್ದೆ ಸಾಲದು. ಅವಳನ್ನು ಕಾಯುವುದು ಸಾರ್ವಜನಿಕ ದಾರಿ ಎಂಬ ದಾಖಲೆ. ಭೂಮಿ ಇಲ್ಲದವರಿಗೆ ಗ್ರಾಮ ನಕಾಶೆಯೇ ಪಹಣಿ.

ನಡೆದ ನಾಲ್ಕು ಸಂಗತಿಗಳು

ಮಹಾಡ್: ಮಹಾರಾಷ್ಟ್ರದ ಮಹಾಡ್ ಊರಿನಲ್ಲಿ ಚವದಾರ್ ಕೆರೆ ಇದೆ. ಸಾರ್ವಜನಿಕ ನೀರಿನ ಜಾಗಗಳನ್ನು ಅಸ್ಪೃಶ್ಯರೆನಿಸಿದವರಿಗೂ ತೆರೆಯಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲಿ ಠರಾವು ಮಾಡಿತು. 1924ರಲ್ಲಿ ಮಹಾಡ್ ಪುರಸಭೆಯೂ ಒಪ್ಪಿತು. ಆದರೂ ಯಾರೂ ಕೆರೆಗೆ ಇಳಿಯಲು ಆಗಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ನೀರು ಮುಟ್ಟಿದರು. ಆಮೇಲೆ ಮೇಲ್ಜಾತಿಯ ಕೆಲವರು ಕೋರ್ಟಿಗೆ ಹೋಗಿ, ಈ ಕೆರೆ ಸಾರ್ವಜನಿಕವೇ ಅಲ್ಲ, ಖಾಸಗಿ ಎಂದು ವಾದಿಸಿದರು! ಹತ್ತು ವರ್ಷ ಕಳೆದು 1937ರ ಮಾರ್ಚ್‌ನಲ್ಲಿ ಮುಂಬಯಿ ಹೈಕೋರ್ಟ್ ದಲಿತರ ಪರವಾಗಿ ತೀರ್ಪು ಕೊಟ್ಟಿತು. ಠರಾವು ಕಾಗದದಲ್ಲಿದ್ದರೆ ಸಾಲದು, ಕಾಲು ದಾರಿಯ ಮೇಲೆ ಬೀಳಬೇಕು. ಕಾಲು ಬಿದ್ದರೂ ಸಾಲದು, ಕಾಗದ ಬೇಕು. ಎರಡೂ ಜೊತೆಗಿದ್ದಾಗ ಹಕ್ಕು ನಿಲ್ಲುತ್ತದೆ.

ಬೆಂಗಳೂರು: 2004ರ ನಂತರ ಹೆಬ್ಬಾಳ, ನಾಗವಾರ, ಅಗರದಂಥ ಕೆರೆಗಳನ್ನು ಅಭಿವೃದ್ಧಿ, ಮನರಂಜನೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ 15 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಕೆರೆ ಅಲ್ಲೇ ಇತ್ತು, ನೀರೂ ಇತ್ತು. ಆದರೆ ಗೇಟು ಬಂತು, ಟಿಕೆಟ್ಟು ಬಂತು. ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರು ಟಿಕೆಟ್ ಕೊಂಡು ಕೆರೆಗೆ ಹೋಗುವುದುಂಟೇ? 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಸಂಸ್ಥೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಹೈಕೋರ್ಟ್ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಸಮಿತಿ ರಚಿಸಿತು. ಆ ಸಮಿತಿಯ ಶಿಫಾರಸು ಒಪ್ಪಿ 2012ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪು ಕೆರೆಗಳನ್ನು ಹೀಗೆ ಖಾಸಗಿಗೆ ಒಪ್ಪಿಸುವುದಕ್ಕೆ ತಡೆ ಹಾಕಿತು. "ಕೆರೆ ಚೆಂದ ಮಾಡುತ್ತೇವೆ" ಅಂತ ಯಾರೇ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ: "ಗೇಟು ಎಲ್ಲಿ ಬರುತ್ತದೆ? ಕೀಲಿ ಯಾರ ಕೈಯಲ್ಲಿರುತ್ತದೆ?"

ವಿರೂಪಾಪುರ ಗಡ್ಡೆ: ಇದು ಹಂಪಿಯ ಎದುರಿಗೆ, ತುಂಗಭದ್ರೆಯ ನಡುವೆ ಇರುವ ಗಡ್ಡೆ. ಅಲ್ಲಿ ಹೊಳೆಯ ಅಂಚಿನಲ್ಲಿ ಒಂದೊಂದಾಗಿ ರೆಸಾರ್ಟುಗಳು ಎದ್ದವು. ಅದು ಸ್ಮಾರಕಗಳ ಸಂರಕ್ಷಿತ ಪ್ರದೇಶ, ಕಟ್ಟಡಗಳು ಅಕ್ರಮ ಎಂದು ಹೈಕೋರ್ಟ್ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರವರಿ 11ರಂದು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ತೆರವಾಯಿತು. ಅಲ್ಲಿನ ಪ್ರಶ್ನೆ ದಾರಿಯದ್ದಲ್ಲ, ಸ್ಮಾರಕದ್ದು. ಆದರೆ ನಮಗೊಂದು ಪಾಠ ಇದೆ. ಮೊದಲ ಕಟ್ಟಡ ಎದ್ದಾಗಲೇ ತಡೆದಿದ್ದರೆ, ಅಲ್ಲಿ ಕೂಲಿಗೆ ನಿಂತಿದ್ದ ಬಡವರ ಹೊಟ್ಟೆಯ ಮೇಲೆ ಬುಲ್ಡೋಜರ್ ಬರುತ್ತಿರಲಿಲ್ಲ. ತಡವಾದ ನ್ಯಾಯದ ಬೆಲೆಯನ್ನು ಬಡವರೇ ಕೊಡುತ್ತಾರೆ.

ಮಾರ್ಟಿನ್ಸ್ ಬೀಚ್: ಇದು ದೂರದ ಅಮೆರಿಕದ್ದು, ಆದರೆ ನಮ್ಮ ವಿಷಯವೇ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ದೊಡ್ಡ ಶ್ರೀಮಂತರು 2008ರಲ್ಲಿ ಕಡಲ ಪಕ್ಕದ ಜಮೀನು ಕೊಂಡರು. ಕಡಲು ಅವರದಲ್ಲ. ಆದರೆ ಕಡಲಿಗೆ ಇಳಿಯುವ ಒಂದೇ ರಸ್ತೆ ಅವರ ಜಮೀನಿನಲ್ಲಿತ್ತು. ಆಮೇಲೆ ಗೇಟಿಗೆ ಬೀಗ ಬಿತ್ತು. ಜನ ಕೋರ್ಟಿಗೆ ಹೋದರು. ಅನುಮತಿ ಇಲ್ಲದೆ ದಾರಿ ಮುಚ್ಚುವಂತಿಲ್ಲ ಎಂದು ಅಲ್ಲಿನ ಕೋರ್ಟುಗಳು ಹೇಳಿದವು. 2018ರಲ್ಲಿ ಅವರ ಮೇಲ್ಮನವಿ ಕೇಳಲು ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಡಲೇ ಆಗಲಿ, ನಮ್ಮ ಕೆರೆಯೇ ಆಗಲಿ, ಮುಚ್ಚುವ ಉಪಾಯ ಒಂದೇ.

ನಮ್ಮ ಸುಪ್ರೀಂ ಕೋರ್ಟ್ ಕೂಡ 1996ರಲ್ಲಿ, ಹಿಮಾಚಲ ಪ್ರದೇಶದ ಬಿಯಾಸ್ ನದಿಯ ದಡದ ಒಂದು ಹೋಟೆಲಿನ ಪ್ರಕರಣದಲ್ಲಿ ಒಂದು ದೊಡ್ಡ ತತ್ವ ಹೇಳಿದೆ. ನದಿ, ಕಾಡು, ಕಡಲ ದಂಡೆಗೆ ಸರ್ಕಾರ ಒಡೆಯ ಅಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಇದ್ದಂತೆ. ಧರ್ಮದರ್ಶಿ ದೇವಸ್ಥಾನದ ಆಸ್ತಿ ಮಾರಿಕೊಳ್ಳಬಹುದೇ? ಇಲ್ಲ ತಾನೆ.

ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ

ಬೇಲಿ ಹಾಕುವವರು ಹೊರಗಿನವರು ಮಾತ್ರ ಅಂತ ತಿಳಿಯಬೇಡಿ. ಕೆರೆ ಅಂಗಳದಲ್ಲಿ ಜೋಳ, ಮೆಕ್ಕೆಜೋಳ ಹಾಕಿದವರು ನಮ್ಮ ಊರಿನವರೇ. ಅವರಲ್ಲಿ ಬಡವರೂ ಇದ್ದಾರೆ, ಸಂಘದ ಸದಸ್ಯರ ಮನೆಯವರೂ ಇರಬಹುದು. ಈ ಮಾತು ಸಭೆಯಲ್ಲಿ ಬಂದಾಗ ಮುಖ ಮುಖ ನೋಡಿಕೊಳ್ಳುವಂತಾಗುತ್ತದೆ. ಆದರೂ ಮಾತಾಡಬೇಕು. ದೊಡ್ಡವರ ಗೇಟಿನ ವಿರುದ್ಧ ಅರ್ಜಿ ಬರೆದ ಮರುದಿನವೇ "ನಿಮ್ಮವರ ಒತ್ತುವರಿ ಮೊದಲು ಬಿಡಿಸಿ" ಅಂತ ಅವರು ಕೇಳಿಯೇ ಕೇಳುತ್ತಾರೆ.

ಇಲ್ಲಿ ನ್ಯಾಯ ಹೇಗೆ ನೋಡಬೇಕು? 2011ರ ಜನವರಿ 28ರಂದು ಸುಪ್ರೀಂ ಕೋರ್ಟ್ ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಹಳ್ಳಿಯ ಕೊಳದ ವಿಷಯದಲ್ಲಿ ತೀರ್ಪು ಕೊಟ್ಟಿತು. ಅಲ್ಲಿ ಕೊಳ ಮುಚ್ಚಿ ಮನೆ ಕಟ್ಟಿದವರು ದುಡ್ಡು ಕಟ್ಟಿ ಸಕ್ರಮ ಮಾಡಿಸಿಕೊಳ್ಳಲು ನೋಡಿದರು. ಕೋರ್ಟ್ ಒಪ್ಪಲಿಲ್ಲ. ಹಳ್ಳಿಗಳ ಸಾರ್ವಜನಿಕ ಜಾಗ ಬಿಡಿಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಆದೇಶಿಸಿತು. ಅದೇ ತೀರ್ಪಿನಲ್ಲಿ, ಸರ್ಕಾರವೇ ಭೂಮಿ ಇಲ್ಲದ ಕೂಲಿಗಾರರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಗುತ್ತಿಗೆ ಕೊಟ್ಟಿದ್ದಂಥ ಕೆಲವು ಸಂದರ್ಭಗಳನ್ನು ಅಪವಾದವಾಗಿ ಪರಿಗಣಿಸಬಹುದು ಎಂದೂ ಹೇಳಿದೆ. ಕಾನೂನಿಗೂ ಬಡವನ ಬಗ್ಗೆ ಕಣ್ಣಿದೆ. ಆದ್ದರಿಂದ ಭೂಮಿ ಇಲ್ಲದ ಕುಟುಂಬ ಇದ್ದರೆ ಅವರಿಗೆ ಬೇರೆ ಜಾಗ ಕೊಡಿ ಎಂಬ ಬೇಡಿಕೆಯನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ಉಳಿದಂತೆ, ಅಂಗಳದಲ್ಲಿ ಬಿತ್ತಿದವರು ಯಾರೇ ಆಗಲಿ, ದನ ಹೋಗುವಷ್ಟು ದಾರಿ ಈಗಲೇ ಬಿಡಬೇಕು. ಇದನ್ನು ಸಂಘವೇ ಮೊದಲು ಮಾಡಿ ತೋರಿಸಿದರೆ ಊರು ನಂಬುತ್ತದೆ.

ಇನ್ನೊಂದು ಪ್ರಶ್ನೆ ಇನ್ನೂ ಕಹಿ. ನಮ್ಮ ಊರಿನ ಕೆರೆಯಲ್ಲಿ ಎಲ್ಲ ಕೇರಿಯವರೂ ಒಂದೇ ಮೆಟ್ಟಿಲಿನಿಂದ ಇಳಿಯುತ್ತಾರೆಯೇ? ಒಬ್ಬರಿಗೆ ದಾರಿ ಕೊಡದ ಊರು, ತನ್ನ ದಾರಿ ಹೋಯಿತು ಅಂತ ಅತ್ತರೆ ಯಾರು ಕೇಳುತ್ತಾರೆ?

ಸಂಘ ಏನು ಮಾಡಬಹುದು?

ಒಂದು, ನಡೆಯಿರಿ. ತಿಂಗಳಿಗೊಮ್ಮೆ ಸಭೆಯ ನಂತರ ಹತ್ತು ಜನ ಸೇರಿ ಕೆರೆಯ ದಾರಿ, ಏರಿ, ತೂಬು, ಕೋಡಿ, ರಾಜಕಾಲುವೆ ಸುತ್ತಿ ಬನ್ನಿ. ಜಾಲಿ ಬೆಳೆದಿದ್ದರೆ ದಾರಿಯಷ್ಟು ಅಗಲ ಕಡಿಯಿರಿ. ಮೊಬೈಲಿನಲ್ಲಿ ಫೋಟೋ ತೆಗೆದು ದಿನಾಂಕ ಬರೆದಿಡಿ. ಬಳಸುವ ದಾರಿಗೆ ಬೇಲಿ ಹಾಕಲು ಯಾರಿಗೇ ಆದರೂ ಧೈರ್ಯ ಬೇಕು. ಜಾಲಿ ಬೆಳೆದ ದಾರಿಗೆ ಬೇಡ.

ಎರಡು, ನಕಾಶೆ ತನ್ನಿ. ಗ್ರಾಮ ನಕಾಶೆ ಭೂ ದಾಖಲೆಗಳ ಇಲಾಖೆಯಲ್ಲಿ ಸಿಗುತ್ತದೆ, ಅವರ ಜಾಲತಾಣದಲ್ಲೂ ಇದೆ. ದಾರಿಗಳನ್ನು ಅದರಲ್ಲಿ ಗೆರೆ, ಚುಕ್ಕೆಗಳಿಂದ ತೋರಿಸಿರುತ್ತಾರೆ, ಗುರುತುಗಳ ಅರ್ಥವನ್ನು ಸರ್ವೆಯರಿಂದ ತಿಳಿಯಿರಿ. ಓದು ಬಲ್ಲ ಮಕ್ಕಳಿದ್ದರೆ 'ದಿಶಾಂಕ್' ಎಂಬ ಸರ್ಕಾರಿ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಬಹುದು. ಆ ನಂಬರಿನ ಪಹಣಿ ತೆಗೆಸಿ ಖರಾಬು ನೋಡಿ. ಒಂದು ಎಚ್ಚರಿಕೆ: ನಮ್ಮ ಸೀಮೆ 1953ರವರೆಗೆ ಮದ್ರಾಸಿನಲ್ಲಿತ್ತು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹಳೆಯ ಕಾಗದ ಒಂದು ಕಚೇರಿಯಲ್ಲಿ ಇಲ್ಲ ಅಂದರೆ ಎಲ್ಲೂ ಇಲ್ಲ ಅಂತ ಅಲ್ಲ.

ಮೂರು, ಕೇಳಿ ಪಡೆಯಿರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ನಾಲ್ಕು, ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ. "ಕೆರೆ ರಕ್ಷಿಸಬೇಕು" ಅಂತ ಬರೆಸಿದರೆ ಅದು ಭಾಷಣ ಆಗುತ್ತದೆ. "ಇಂಥ ಸರ್ವೆ ನಂಬರಿನಲ್ಲಿ ನಕಾಶೆಯಲ್ಲಿರುವ ಕೆರೆ ದಾರಿಯ ಹದ್ದುಬಸ್ತು ಮಾಡಿ, ಕಲ್ಲು ನೆಟ್ಟು, ಎರಡೂ ಕಡೆ ಫಲಕ ಹಾಕಬೇಕು" ಅಂತ ಬರೆಸಿ. ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಸಹಿ, ಹೆಬ್ಬೆಟ್ಟು.

ಐದು, ಸರಿಯಾದ ಬಾಗಿಲು ತಟ್ಟಿ. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡವು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ ಬರುತ್ತವೆ. ದಾರಿ, ಒತ್ತುವರಿಯ ವಿಷಯಕ್ಕೆ ತಹಶೀಲ್ದಾರರು. ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಸೀಲು ಇಲ್ಲದ ಅರ್ಜಿ ಕೊಡದ ಅರ್ಜಿ.

ಆರು, ಹೊಲ ಮಾರಾಟವಾಗುವಾಗಲೇ ಮಾತಾಡಿ. ಕೊಳ್ಳುವವರ ಮನೆಗೆ ನಾಲ್ಕು ಜನ ಹಿರಿಯರು ಹೋಗಿ "ಇದರಲ್ಲಿ ಊರಿನ ದಾರಿ ಐತಿ, ನಕಾಶೆ ನೋಡ್ರಿ" ಅಂತ ತೋರಿಸಿದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ. ಕೊಂಡವರೆಲ್ಲ ಕೆಟ್ಟವರಲ್ಲ, ಗೊತ್ತಿಲ್ಲದೆ ಬೇಲಿ ಹಾಕುವವರೂ ಇದ್ದಾರೆ. ಬೇಲಿ ಬಿದ್ದ ಮೇಲೂ ನೀವಾಗಿ ಕೀಳಬೇಡಿ. ಕೇಸು ನಿಮ್ಮ ಮೇಲೆಯೇ ಬೀಳುತ್ತದೆ.

ಇಷ್ಟೆಲ್ಲ ಓದಿ, ಕೆರೆಗೆ ನಾವೇ ಬೇಲಿ ಹಾಕಿ ಕಾಯಬೇಕು ಅಂತ ಅರ್ಥ ಮಾಡಿಕೊಳ್ಳಬೇಡಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ನೋಡಿ. ನೀರಾವರಿಗೆಂದು ಹಿಂದಿನವರು ಕಟ್ಟಿದ ಕೆರೆ, ಸುಮಾರು 244 ಎಕರೆ. 2017ರಲ್ಲಿ ಪಕ್ಷಿ ಸಂರಕ್ಷಿತ ಪ್ರದೇಶವಾಯಿತು. 2024ರ ಜನವರಿಯಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಪಟ್ಟಿಯ ಮೂಲ ತತ್ವವೇ ವಿವೇಕದ ಬಳಕೆ. ಬಳಸುತ್ತಾ ಉಳಿಸುವುದು. ಊರಿನವರನ್ನು ಹೊರಗಿಟ್ಟು ಕೆರೆ ಉಳಿಸಲು ಆಗುವುದಿಲ್ಲ.

ಪಾತ್ರಾಭಿನಯ (15 ನಿಮಿಷ)

ಇದು ಕಲ್ಪಿತ ಸಂಗತಿ. ಮೂವರು ಸದಸ್ಯರು ಪಾತ್ರ ವಹಿಸಲಿ.

ದುರುಗಮ್ಮ: ಏನೋ ತಿಪ್ಪೇಶಿ, ಗೇಟಿಗೆ ಬೀಗ ಹಾಕೀಯಲ್ಲೋ. ಎಮ್ಮಿ ನೀರಿಗೆ ಹೆಂಗ ಹೊಡಕೊಂಡು ಹೋಗ್ಲಿ?

ತಿಪ್ಪೇಶಿ (ಕಾವಲುಗಾರ): ನಾನೇನ್ ಮಾಡ್ಲಿ ಅತ್ತಿ, ಸಾಹುಕಾರ್ರು ಹೇಳ್ಯಾರ. ಜಾಗ ಅವರು ತಗಂಡಾರ.

ದುರುಗಮ್ಮ: ಹೊಲ ತಗಂಡಾರ. ಕೆರಿ ತಗಂಡಾರೇನು?

ತಿಪ್ಪೇಶಿ: ಕೆರಿ ಅಲ್ಲ. ದಾರಿ ಅವರ ಹೊಲ್ದಾಗ ಐತಂತ.

ಹನುಮಕ್ಕ: ನಕಾಶೆದಾಗ ಆ ದಾರಿ ಯಾರ್ದು ಅಂತ ಐತಿ? ಸಾಹುಕಾರ್ರು ನೋಡ್ಯಾರೇನು?

ತಿಪ್ಪೇಶಿ: ನನಗೇನ್ ಗೊತ್ತು ಅಕ್ಕ. ನನಗ ತಿಂಗಳ ಪಗಾರ ಕೊಡ್ತಾರ. ಬೀಗ ತೆಗೆದ್ರ ನಾಳಿ ನನ್ನ ಕೆಲಸ ಹೋಗ್ತತಿ.

ಹನುಮಕ್ಕ: ನೀ ಬೀಗ ತೆಗೀಬ್ಯಾಡಪ್ಪ. ನಿಮ್ಮವ್ವನ ಎಮ್ಮಿನೂ ಇದೇ ದಾರ್ಯಾಗ ಹೋಗೋದು, ಅಷ್ಟು ನೆನಪಿಟ್ಟುಕೋ. ನಾವು ಕಚೇರಿಗೆ ಹೋಗಿ ಕಾಗದ ತರ್ತೀವಿ.

ಅಭಿನಯ ಮುಗಿದ ಮೇಲೆ ಕೇಳಿ: ಹನುಮಕ್ಕ ತಿಪ್ಪೇಶಿಯ ಜೊತೆ ಯಾಕೆ ಜಗಳ ಮಾಡಲಿಲ್ಲ? ದುರುಗಮ್ಮನಿಗೆ ಜಮೀನು ಇಲ್ಲದಿದ್ದರೆ ಅವಳಿಗೆ ಯಾವ ದಾಖಲೆ ನೆರವಾಗುತ್ತದೆ?

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನಿಂದ ನೀರಿಗೆ ಹೋಗುವ ದಾರಿಗಳು ಎಷ್ಟು? ಹತ್ತು ವರ್ಷದ ಹಿಂದೆ ಎಷ್ಟಿದ್ದವು?
2. ಮುಚ್ಚಿದ ದಾರಿಗಳು ಯಾವ ಹಂತದಲ್ಲಿವೆ? ಜಾಲಿಯೋ, ಉಳುಮೆಯೋ, ಮಾರಾಟವೋ, ಬೇಲಿಯೋ?
3. ದಾರಿ ಮುಚ್ಚಿದ್ದರಿಂದ ನಮ್ಮ ಸಂಘದಲ್ಲಿ ಯಾರ ಮನೆಯ ಆದಾಯ ಕಡಿಮೆ ಆಗಿದೆ?
4. ನಮ್ಮವರೇ ಮಾಡಿದ ಒತ್ತುವರಿಯನ್ನು ಹೇಗೆ ಬಗೆಹರಿಸೋಣ?
5. ಎಲ್ಲ ಕೇರಿಯ ಹೆಣ್ಣುಮಕ್ಕಳೂ ಹಿಂಜರಿಕೆ ಇಲ್ಲದೆ ನೀರಿಗೆ ಇಳಿಯುತ್ತಾರೆಯೇ?
6. ಮುಂದಿನ ಸಭೆಯೊಳಗೆ ನಕಾಶೆ ತರುವವರು ಯಾರು? ಹೆಸರು, ದಿನಾಂಕ ನಡಾವಳಿಯಲ್ಲಿ ಬರೆಯಿರಿ.

ಆರನೇ ಪ್ರಶ್ನೆಗೆ ಉತ್ತರ ಬರೆಯದೆ ಸಭೆ ಮುಗಿಸಬೇಡಿ. ಐದು ಪ್ರಶ್ನೆಗೆ ಚೆನ್ನಾಗಿ ಮಾತಾಡಿ ಆರನೆಯದನ್ನು ಬಿಟ್ಟರೆ ಪಾಠ ಅಲ್ಲಿಗೇ ನಿಂತಿತು. ಕೆರೆ ಕಟ್ಟಿದ ಹಿರಿಯರು ನಮಗೆ ನೀರನ್ನು ಮಾತ್ರ ಬಿಟ್ಟು ಹೋಗಲಿಲ್ಲ, ಏರಿ, ತೂಬು, ಇಳಿಯಲು ಮೆಟ್ಟಿಲು, ನಡೆಯಲು ದಾರಿ ಎಲ್ಲವನ್ನೂ ಬಿಟ್ಟು ಹೋದರು. ಇವತ್ತು ಪ್ರೈಮರಿ ಶಾಲೆಯಲ್ಲಿರುವ ಮಕ್ಕಳು ದೊಡ್ಡವರಾಗಿ ಎಮ್ಮೆ ಹೊಡೆದುಕೊಂಡು ಬಂದಾಗ ಆ ದಾರಿ ತೆರೆದಿರಲಿ.